ಬೇರೆಯವಳ ಮೈಮೇಲೆ ಕಸ್ತೂರಿಯ ಮುಖ

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಜೋಡಿಸಿ, ಸ್ಕ್ರೂ ಬಿಗಿದು ನನಗೆ ಜೀವ ಕೊಟ್ಟರು. ಮೊದಲು ನನ್ನನ್ನು ಕೊಂಡದ್ದು ಗಜೇಂದ್ರಗಡದ ಒಂದು ಟೈಪಿಂಗ್ ಕ್ಲಾಸು. ಅಲ್ಲಿಯ ವಿದ್ಯಾರ್ಥಿಗಳು ಕುಟ್ಟಿ ಕುಟ್ಟಿ ನನ್ನ ಕೀಲಿಗಳ ಮೇಲಿನ ಅಕ್ಷರಗಳನ್ನೇ ಅಳಿಸಿಬಿಟ್ಟರು. ಕ್ಲಾಸು ಮುಚ್ಚಿದಾಗ ಬಸಲಿಂಗಪ್ಪ ನನ್ನನ್ನು ತನ್ನ ಫೋಟೋ ಸ್ಟುಡಿಯೋಗೆ ತಂದ.

ಅಲ್ಲಿ ನನ್ನ ಮುಂದೆ ಕೂರುತ್ತಿದ್ದವಳು ಜೈತುನ. ಗಂಡ ತೀರಿಕೊಂಡ ಮೇಲೆ ಈ ಕೆಲಸ ಕಲಿತವಳು. ಮದುವೆಯ ಗುಂಪು ಫೋಟೋದಲ್ಲಿ ಸೋದರಮಾವ ಕಣ್ಣು ಮುಚ್ಚಿದ್ದರೆ, ಇನ್ನೊಂದು ಫೋಟೋದಿಂದ ಅವನ ಮುಖ ಕತ್ತರಿಸಿ ತಂದು ಕೂರಿಸುತ್ತಿದ್ದಳು. ಕತ್ತಿನ ಅಂಚು ಸವರಿ, ಮೈಬಣ್ಣ ಹೊಂದಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಲೆಗೆ ಪಟಗಾ ಸುತ್ತಿದ, ಕೋಟು ತೊಟ್ಟ ಯಾರದೋ ಮೈಗೆ ತೀರಿಹೋದ ಗಂಡನ ಮುಖ ಬಂದಾಗ ಮುದುಕಿಯರು ನನ್ನ ಪರದೆ ಸವರಿ ಅಳುತ್ತಿದ್ದರು. ನನಗೆ ಆ ಕೆಲಸ ಹಿತವಾಗಿತ್ತು.

ಒಂದು ದಿನ ಮುತ್ತು ಎಂಬ ತರುಣ ಎರಡು ಫೋಟೋ ತಂದ. ಒಂದರಲ್ಲಿ ಅವನು ಒಬ್ಬ ಹುಡುಗಿಯ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ. ಅವಳ ಮುಖ ಮಬ್ಬಾಗಿತ್ತು. ಇನ್ನೊಂದರಲ್ಲಿ ಒಂದು ನಗುಮುಖ, ಸ್ಪಷ್ಟವಾಗಿತ್ತು.

"ನನ್ನ ಎಂಗೇಜ್‌ಮೆಂಟ್ ಆಗೇತ್ರಿ ಅಕ್ಕಾ. ಆಕಿ ಮುಖಾ ಹಾಳಾಗೇತಿ. ಇದರಾಗಿಂದು ಹಚ್ಚಿಕೊಡ್ರಿ" ಎಂದ.

ದಿನನಿತ್ಯದ ಕೆಲಸ. ಜೈತುನ ಮಾಡಿಕೊಟ್ಟಳು.

ಕೆಲವು ದಿನಗಳ ಮೇಲೆ ನೇಕಾರ ಅಡಿವೆಪ್ಪ ಏದುಸಿರು ಬಿಡುತ್ತ ಸ್ಟುಡಿಯೋಗೆ ಬಂದ. ಕೈಯಲ್ಲಿದ್ದ ಫೋನನ್ನು ಜೈತುನಳ ಮುಂದೆ ಹಿಡಿದ. ಅದರಲ್ಲಿ ಮುತ್ತುವಿಗೆ ಮಾಡಿಕೊಟ್ಟ ಅದೇ ಚಿತ್ರ.

"ತಂಗಿ, ಇದು ಖರೇನೋ ಸುಳ್ಳೋ, ನೋಡಿ ಹೇಳವ್ವಾ. ಇಕಿ ನನ್ನ ಮಗಳು ಕಸ್ತೂರಿ. ಇಂವಾ ಲಗ್ನಾ ಮಾಡ್ಕೋತೀನಿ ಅಂತ ಬೆನ್ನ ಹತ್ತಿದ್ದ, ಆಕಿ ಒಲ್ಲೆ ಅಂದಿದ್ಲು. ಆಕಿ ಲಗ್ನಾ ಬ್ಯಾರೆ ಕಡೆ ಗೊತ್ತಾಗೇತಿ. ಈಗ ಊರ ಮಂದಿ ಫೋನಿನಾಗೆಲ್ಲಾ ಇದಽ ಐತಿ. ಬೀಗರು ಮದುವಿ ಮುರಕೊಳ್ಳಾಕ ಮನ್ಯಾಗ ಬಂದು ಕುಂತಾರ. ಮಗಳು ಖೋಲಿ ಬಾಗಲಾ ಹಾಕ್ಕೊಂಡಾಳ, ಕರದ್ರ ಓ ಅನವಲ್ಲು."

ಜೈತುನ ಮೌಸು ಬಿಟ್ಟು ಫೋನನ್ನು ಹತ್ತಿರಕ್ಕೆ ತಂದುಕೊಂಡಳು. ಬಸಲಿಂಗಪ್ಪನೂ ಚಿತ್ರ ನೋಡಿದ. ನೋಡಿದ್ದೇ ಅವಳ ಕಿವಿಯ ಬಳಿ ಬಾಗಿದ. "ಸುಮ್ಮನಿರು. ನಮ್ಮ ಹೆಸರು ಹೊರಗ ಬಂದ್ರ ಅಂಗಡಿ ಮುಚ್ಚಬೇಕಾಕ್ಕೈತಿ."

ಜೈತುನ ಸೆರಗಿನಿಂದ ಮುಖ ಒರೆಸಿಕೊಂಡಳು. ಕೊನೆಗೆ, "ಕಾಕಾ, ಇದನ್ನ ಮಾಡಿದಾಕಿ ನಾನಽ" ಎಂದಳು.

ಅಡಿವೆಪ್ಪನ ಕೈ ಮೇಲೆದ್ದಿತು. ಹೊಡೆದೇಬಿಟ್ಟ ಎಂದುಕೊಂಡೆ. ಆದರೆ ಆ ಕೈ ಅವನ ಬಾಯಿಯನ್ನೇ ಮುಚ್ಚಿತು.

ಬಸಲಿಂಗಪ್ಪ ಬೇಡವೆಂದರೂ ಕೇಳದೆ ಅವಳು ನನ್ನ ವೈರುಗಳನ್ನು ಕಿತ್ತು, ನನ್ನನ್ನು ಆಟೋದಲ್ಲಿಟ್ಟುಕೊಂಡು ಅಡಿವೆಪ್ಪನ ಮನೆಗೆ ಹೊರಟಳು. ದಾರಿಯುದ್ದಕ್ಕೂ ಪರದೆಯನ್ನು ಎದೆಗೆ ಅವಚಿಕೊಂಡಿದ್ದಳು.

ಅಡಿವೆಪ್ಪನ ಪಡಸಾಲೆಯಲ್ಲಿ ವರನ ತಂದೆ ಕಳಕಪ್ಪ ತನ್ನವರೊಂದಿಗೆ ಕುಳಿತಿದ್ದ. ಮೂಲೆಯಲ್ಲಿ ವರ ತಲೆ ತಗ್ಗಿಸಿದ್ದ. ಜೈತುನ ನನ್ನ ವೈರುಗಳನ್ನು ಮತ್ತೆ ಜೋಡಿಸಿ, ನಡೆದದ್ದನ್ನು ಹೇಳಿದಳು.

"ಹುಡಿಗಿ ಮಾನಾ ಉಳಸಾಕ ಇಕಿನ್ನ ಕರಕೊಂಡ ಬಂದೀರಿ. ಹೆಂಗ ನಂಬೂದು?" ಎಂದ ಕಳಕಪ್ಪ.

ಜೈತುನ ವಾದಕ್ಕೆ ನಿಲ್ಲಲಿಲ್ಲ. "ಹಿರ್ಯಾರ, ಸ್ವಲ್ಪ ಹಿಂಗ ನೋಡ್ರಿ" ಎಂದು ಅಲ್ಲಿಯೇ ಅವನ ಫೋಟೋ ತೆಗೆದು ನನ್ನೊಳಗೆ ಹಾಕಿದಳು. ನಾನು ಹಳಬ, ನಿಧಾನ. ನನ್ನ ಫ್ಯಾನು ಗೊರ್ ಎನ್ನುತ್ತಿತ್ತು. ಮಂದಿಯೆಲ್ಲ ನನ್ನ ಸುತ್ತ ಬಾಗಿ ನಿಂತರು. ಅವಳ ಕೈ ಒಂದು ಕಡೆ ತಪ್ಪಿತು, ಮತ್ತೆ ಮೊದಲಿನಿಂದ ಕತ್ತರಿಸಿದಳು. ಈಗ ನಾನು ಕೆಟ್ಟು ನಿಂತರೆ ಆ ಹುಡುಗಿಯ ಗತಿಯೇನು ಎಂದು ನನಗೆ ದಿಗಿಲು.

ಕೊನೆಗೆ ಚಿತ್ರ ಮೂಡಿತು. ಸೀರೆಯುಟ್ಟ ಮೈಯ ಮೇಲೆ ಕಳಕಪ್ಪನ ಮೀಸೆಯ ಮುಖ. ಅವನ ಹೆಗಲ ಮೇಲೆ ಮುತ್ತುವಿನ ಕೈ.

ಯಾರೋ ನಗಲು ಹೋಗಿ ತಡೆದುಕೊಂಡರು. ಕಳಕಪ್ಪ ಎದ್ದು ನಿಂತ. "ತಗಿ! ತಗಿ ಅದನ್ನ ಮೊದ್ಲು!"

ಅಷ್ಟರಲ್ಲಿ ಒಳಕೋಣೆಯ ಅಗಳಿ ಸರಿಯಿತು. ಕಸ್ತೂರಿ ಹೊರಗೆ ಬಂದಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ನಿಮ್ಮ ಮುಖಾ ಕಂಡ ಕೂಡ್ಲೆ ತಗಿ ಅಂದ್ರಿ ಮಾಮಾ. ನಂದು ಊರ ತುಂಬಾ ತಿರಗ್ಯಾಡೈತಿ. ಖರೇ ಏನವ್ವಾ ಅಂತ ನಿಮ್ಮಾಗ ಒಬ್ಬರರ ನನ್ನ ಕೇಳಿದ್ರೇನು?"

ಕಳಕಪ್ಪ ನೆಲ ನೋಡಿದ. "ತಪ್ಪಾತವ್ವಾ. ಮದುವಿ ಗೊತ್ತಾದ ದಿನಾನ ಆಗ್ಲಿ."

ಕಸ್ತೂರಿ ಮೂಲೆಯಲ್ಲಿದ್ದ ವರನ ಕಡೆ ನೋಡಿದಳು. ಅವನು ಆಗಲೂ ತಲೆ ಎತ್ತಲಿಲ್ಲ.

"ಒಲ್ಲೆ" ಎಂದಳು. "ಅಪ್ಪಾ, ಪೊಲೀಸ್ ಸ್ಟೇಷನ್ನಿಗೆ ಹೋಗೂಣ ನಡಿ. ಜೈತುನಕ್ಕಾ, ನೀವೂ ಬರ್ರಿ."

ಜೈತುನ ಹೋದಳು. ಸ್ಟುಡಿಯೋದ ಹೆಸರು ಸೇರಿ ಎಲ್ಲವನ್ನೂ ಹೇಳಿದಳು. ಮುತ್ತುವನ್ನು ಹಿಡಿದರು. ಬಸಲಿಂಗಪ್ಪ ಬಹಳ ದಿನ ಅವಳೊಂದಿಗೆ ಮಾತಾಡಲಿಲ್ಲ. ಗಿರಾಕಿಗಳು ಕಡಿಮೆಯಾದರು, ಆದರೆ ಅಂಗಡಿ ಮುಚ್ಚಲಿಲ್ಲ. ಆಮೇಲೆ ಅವನೇ ಗಿರಾಕಿಗಳಿಗೆ ಹೇಳತೊಡಗಿದ: "ಯಾರ ಮುಖಾ ಹಚ್ಚಬೇಕೋ ಅವರನ್ನಽ ಕರಕೊಂಡ ಬರ್ರಿ."

ಈಗ ನಾನು ಸ್ಟುಡಿಯೋದ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿದ್ದೇನೆ. ನನ್ನ ಕೆಲಸವನ್ನು ಫೋನುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತವೆ. ನನಗೆ ಹೊಟ್ಟೆಕಿಚ್ಚಿಲ್ಲ. ಯಾವ ಮುಖ ಯಾರದು, ಅದನ್ನು ಯಾಕೆ ಕೇಳುತ್ತಿದ್ದಾರೆ ಎಂಬುದು ನನಗೆ ತಿಳಿಯುತ್ತಿರಲಿಲ್ಲ, ಅವಕ್ಕೂ ತಿಳಿಯದು. ಆದರೆ ನನ್ನ ಮುಂದೆ ಜೈತುನ ಕುಳಿತಿದ್ದಳು. ತಪ್ಪಾಗಿದೆ ಎಂದು ಗೊತ್ತಾದಾಗ ಎದ್ದು ಹೋಗಿ "ಮಾಡಿದಾಕಿ ನಾನಽ" ಎಂದಳು. ಆ ಫೋನುಗಳ ಮುಂದೆ ಯಾರು ಕುಳಿತಿದ್ದಾರೋ, ನನಗೆ ಅದೊಂದೇ ಚಿಂತೆ.