ಅವ್ವಲ್ ನಂಬರು

"ಓ ಮಾನಪ್ಪಣ್ಣಾ... ಹರಗೋಲ ತಗೊಂಡು ಬಾರೋ!"

ಭೀಮೆಯ ಆಚೆ ದಂಡೆಯಿಂದ ಎರಡನೆಯ ಸಲ ಕೂಗು ಬಂತು. ತುಂತುರು ಮಳೆಯಲ್ಲಿ ಆ ದಂಡೆ ಇದೆಯೋ ಇಲ್ಲವೋ ಎಂಬಂತಿತ್ತು. ಕೂಗುತ್ತಿರುವವನು ಶಹಾಪುರದ ಕಡೆಯ ಖಂಡಪ್ಪ, ಪಕ್ಕದಲ್ಲಿ ನಿಂತವಳು ಅವನ ಮಗಳು ಲಾಲಮ್ಮ ಎಂದು ಈಚೆ ದಂಡೆಯಲ್ಲಿದ್ದ ಅಂಬಿಗ ಮಾನಪ್ಪನ ಮಗಳು ದೇವಕಮ್ಮನಿಗೆ ನೋಡದೆಯೂ ಗೊತ್ತಾಯಿತು.

ನಿಜಾಮರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಲಬುರ್ಗಿಯ ಶಿಕ್ಷಕರ ಟ್ರೇನಿಂಗ್ ಕಾಲೇಜಿನಿಂದ ದೇವಕಮ್ಮನ ಹೆಸರಿಗೆ ಇಂಗ್ಲಿಷ್ ಕಾಗದ ಬಂದಾಗ, ಹಳೆಯ ತಹಸೀಲು ಗುಮಾಸ್ತ ಲಾಡ್ಲೇಸಾಬರು ಅದನ್ನು ಚಾವಡಿಯಲ್ಲಿ ಎಲ್ಲರೆದುರಿಗೆ ಓದಿದ್ದರು. "ಲಿಸ್ಟಿನಾಗ ಅವ್ವಲ್ ನಂಬರ್ ಅದ ನಿನ್ನ ಮಗಳ್ದು! ಮಿಠಾಯಿ ತರಸೋ ಮಾನಪ್ಪ!"

ಅವರು ಸುಳ್ಳು ಓದಿರಲಿಲ್ಲ. ಪಟ್ಟಿಯಲ್ಲಿ ಅವಳದು ಒಂದನೆಯ ನಂಬರೇ. ಆದರೆ ಸೀಟು ಸಿಗದೆ ಕಾಯುವವರಿಗೂ ಒಂದು ಪಟ್ಟಿ ಇರುತ್ತದೆಂದು ಆ ಊರಲ್ಲಿ ಯಾರಿಗೆ ಗೊತ್ತು? ಸಂಜೆ ಒಬ್ಬಳೇ ಕೂತು ಓದಿದಾಗ ದೇವಕಮ್ಮನಿಗೆ ತಿಳಿಯಿತು. ಸೀಟು ಸಿಕ್ಕವರಲ್ಲಿ ಯಾರಾದರೂ ಎರಡು ತಿಂಗಳ ಮೇಲೆ ಕಾಲೇಜು ತೆರೆಯುವ ಸೋಮವಾರ ಹತ್ತು ಗಂಟೆಗೆ ಹಾಜರಾಗದಿದ್ದರೆ ಮಾತ್ರ ಇವಳಿಗೆ ಜಾಗ. ಅಪ್ಪನಿಗೆ ಹೇಳಬೇಕೆಂದು ಹೊಳೆಗೆ ಹೋದಳು. ಅಪ್ಪ ಆಗಲೇ ನಡುನೀರಿನಲ್ಲಿದ್ದ. "ಅವ್ವಲ್ ನಂಬರ್ ಅದಾಳ್ರಿ ನನ್ನ ಮಗಳು!" ಎಂಬ ಮಾತು ನೀರಿನ ಮೇಲೆ ತೇಲಿ ಬರುತ್ತಿತ್ತು. ಹರಗೋಲು ಹತ್ತಿದವರಿಗೆ ದಂಡೆ ಮುಟ್ಟುವವರೆಗೂ ಬಿಡುಗಡೆಯಿಲ್ಲ, ಪಾಪ! ದೇವಕಮ್ಮ ಬಾಯಿ ಬಿಡದೆ ಹಿಂದಿರುಗಿದಳು.

ಆಮೇಲೆ ಎರಡು ತಿಂಗಳು ಅವಳು ಭೂಮಿಯ ಮೇಲೆ ಇರಲೇ ಇಲ್ಲ. ಮೀನು ಸೋಸುತ್ತ ಕೂತರೆ ಬೆರಳಿಗೆ ಸೀಮೆಸುಣ್ಣ ಹತ್ತಿದಂತಾಗುತ್ತಿತ್ತು. ಒಲೆ ಊದಿದರೆ ಹೊಗೆಯೊಳಗಿಂದ ನಲವತ್ತು ಮಕ್ಕಳು "ನಮಸ್ತೆ ಬಾಯಾರ" ಎನ್ನುತ್ತಿದ್ದವು. ಯಾರಿಗಾದರೂ ಮದುವೆ ಗೊತ್ತಾಗಲಿ, ಜ್ವರ ಬರಲಿ, ಒಬ್ಬಳು, ಒಬ್ಬಳೇ ಒಬ್ಬಳು ಬಾರದಿರಲಿ ಎಂದು ದೇವರ ಮುಂದೆ ಬೇಡಿಕೊಂಡಳು. ಬೇಡಿದ ಮೇಲೆ ನಾಚಿಕೆಯಾಗಿ ಕೆನ್ನೆ ಬಡಿದುಕೊಂಡಳು.

ಅಷ್ಟರಲ್ಲಿ ಅಪ್ಪ ಕುಣಿಯುತ್ತ ಸುದ್ದಿ ತಂದಿದ್ದ. "ಆಚೆ ದಂಡಿ ಲಾಲಮ್ಮಗೂ ಅದss ಕಾಲೇಜನಾಗ ಸೀಟ್ ಸಿಕ್ಕದವ್ವಾ. ಆಯ್ತವಾರ ಆಕಿನ್ನ ದಾಟಸ್ತೀನಂತ ಮಾತು ಕೊಟ್ಟೀನಿ. ಇಬ್ಬರೂ ಕೂಡಿ ಯಾದಗಿರ್ಯಾಗ ರೈಲ್ ಹತ್ತರಿ, ನಿನಗ ಜೋಡಿ ಆತು."

ಆ ಭಾನುವಾರವೇ ಇದು. ರಾತ್ರಿಯೆಲ್ಲ ಹೊಳೆ ಏರಿತ್ತು. ಮಾನಪ್ಪ ಹುಟ್ಟು ಹಿಡಿದು ನಿಂತ. ಅವನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ನೀರಿನ ಸೆಳೆತ ನೋಡಿ ಹೇಳುವ ಕೆಲಸ ಈಗ ಮಗಳದೇ.

"ನೋಡವ್ವಾ. ಹೋಗಬಹುದೇನು? ನೀ ಬ್ಯಾಡ ಅಂದ್ರ ಹೋಗಂಗಿಲ್ಲ. ಖಂಡಪ್ಪಗ ನಾಡಿದ್ದು ಬರ್ರಿ ಅಂತ ಕೂಗಿಬಿಡ್ತೀನಿ."

ದೇವಕಮ್ಮ ಬೇವಿನ ಟೊಂಗೆಯೊಂದನ್ನು ನೀರಿಗೆಸೆದಳು. ಸುಳಿ ಎಳೆದರೆ ಟೊಂಗೆ ಬಂಡೆಯ ಹತ್ತಿರ ಗಿರಗಿರ ತಿರುಗುತ್ತದೆ. ಸುಳಿಯಿಲ್ಲದಿದ್ದರೆ ನೆಟ್ಟಗೆ ಸಾಗುತ್ತದೆ. ತಿರುಗಲಿ ಎಂದು ಮನಸ್ಸು ಅನ್ನುತ್ತಿತ್ತು. ತಿರುಗದಿದ್ದರೂ ಏನಂತೆ, "ಬ್ಯಾಡಪ್ಪ" ಅಂದರೆ ಮುಗಿಯಿತು. ಇಂಥ ನೀರಿನಲ್ಲಿ ಬೇಡ ಅಂದದ್ದಕ್ಕೆ ಯಾರು ತಪ್ಪು ಹಿಡಿದಾರು? ಕಂದು ನೀರಿನ ಮೇಲೆ ಕಪ್ಪು ಹಲಗೆ ಕಂಡಿತು, ಮಕ್ಕಳು ಕಂಡವು, ಬಿಳಿ ಸೀರೆ ಉಟ್ಟ ತಾನೂ ಕಂಡಳು. ಎಷ್ಟು ಚೆಂದವಿತ್ತು ಅದು, ಅಯ್ಯೋ!

ಟೊಂಗೆ ಬಂಡೆಯನ್ನು ಸವರಿಕೊಂಡು ನೆಟ್ಟಗೆ ಹೋಯಿತು.

ಮೂರನೆಯ ಸಲ ಕೂಗಿದ್ದು ಹುಡುಗಿಯ ದನಿ. ಅಳು ಬೆರೆತಿತ್ತು.

"ಹೋಗಬಹುದಪ್ಪ. ಬಂಡೆ ಮ್ಯಾಲಿನ ಕಡಿಂದ ಹಾಯ್ದು ಹೋಗು."

ಅಪ್ಪ ಹೋಗಿ ಬರುವಷ್ಟರಲ್ಲಿ ಮಳೆ ನಿಂತಿತ್ತು. ಖಂಡಪ್ಪ ಆಚೆ ದಂಡೆಯಲ್ಲೇ ಉಳಿದಿದ್ದ. ಲಾಲಮ್ಮ ಇಳಿದವಳೇ ದೇವಕಮ್ಮನ ಕೈ ಹಿಡಿದುಕೊಂಡಳು. "ಇವತ್ತು ದಾಟಲಿಲ್ಲ ಅಂದ್ರ ನನ್ನ ಸೀಟ್ ಹೋಗ್ತಿತ್ತು ಅಕ್ಕಾ. ಪಟ್ಟಿನಾಗ ಕಾಯಾಕಿ ಯಾರಿಗೋ ಕೊಟ್ಟುಬಿಡ್ತಿದ್ರು." ಸೀರೆಯ ಸೆರಗು ಹಿಂಡುತ್ತ ಅವಳು ಮರದ ಕೆಳಗೆ ಹೋದಳು.

"ಅಪ್ಪಾ," ಎಂದಳು ದೇವಕಮ್ಮ. "ಆ ಕಾಯಾಕಿ ನಾನss. ನಂದು ಕಾಯೋರ ಪಟ್ಟಿ. ಅದರಾಗ ಒಂದನೇ ನಂಬರ್. ನನಗ ಸೀಟ್ ಸಿಕ್ಕಿಲ್ಲಪ್ಪ."

ಮಾನಪ್ಪನಿಗೆ ತಿಳಿಯಲು ಹೊತ್ತು ಹಿಡಿಯಿತು. "ಅಂದ್ರ... ಈಕಿ ಬರಲಿಲ್ಲ ಅಂದ್ರ ನಿನಗ ಸಿಗ್ತಿತ್ತೇನು?"

"ಹೂಂ."

"ಮತ್ತ ನನಗ ಹೋಗು ಅಂದಿ?"

"ನೀರು ಛಲೋ ಇತ್ತಲ್ಲಪ್ಪ."

ಮಾನಪ್ಪ ಮೊಣಕಾಲುದ್ದ ನೀರಿಗಿಳಿದು ಅವಳಿಗೆ ಬೆನ್ನು ಮಾಡಿ ನಿಂತ. ಮುಖ ತೊಳೆದುಕೊಂಡ. ಮತ್ತೆ ತೊಳೆದುಕೊಂಡ. ಬಹಳ ಹೊತ್ತು ತೊಳೆಯುತ್ತಲೇ ಇದ್ದ. ಆಮೇಲೆ ಮೇಲೆ ಬಂದು ಲಾಲಮ್ಮನ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡ.

"ನಡೀರಿ, ಈಕಿ ಗಾಡಿಗಿ ಹೊತ್ತಾಗ್ತದ."

ಊರ ನಡುವೆ ಹಾಯ್ದೇ ಯಾದಗಿರಿಗೆ ಹೋಗಬೇಕು. ಚಾವಡಿಯಲ್ಲಿ ಜನ ಕೂತಿದ್ದರು, ಲಾಡ್ಲೇಸಾಬರೂ ಇದ್ದರು. "ಹೊಂಟಳೇನಪ್ಪಾ ಅವ್ವಲ್ ನಂಬರು?" ಎಂದು ಯಾರೋ ಕೂಗಿದರು. ಮಾನಪ್ಪನ ಒಂದು ಕೈ ಪೆಟ್ಟಿಗೆಯ ಮೇಲಿತ್ತು. ಇನ್ನೊಂದರಲ್ಲಿ, ಹದಿನೆಂಟು ತುಂಬಿದ ಮಗಳ ಕೈಯನ್ನು ಎಳೆಗೂಸಿನ ಕೈಯಂತೆ ಹಿಡಿದುಕೊಂಡು ಓಣಿಯುದ್ದಕ್ಕೂ ನಡೆದ.