ಹಡಗಿನ ಒಡಲಲ್ಲಿ ಬಿಳಿ ಗಂಟು

ಬೀಟೆ ಮರದ ಪಟ್ಟಿ ಬಾಗುತ್ತಿದೆ, ಬಿಸಿನೀರಿನಿಂದ ತೆಗೆದು ಹೆಬ್ಬೆರಳಲ್ಲಿ ಒತ್ತಿದಷ್ಟೂ ಬಾಗುತ್ತಿದೆ, ಇದೊಂದು ಅಂಚುಪಟ್ಟಿ ಈ ಪುಟ್ಟ ಹಡಗಿನ ಮೂತಿಗೆ ಕೂತರೆ ಮೂರು ತಿಂಗಳ ಕೆಲಸ ಮುಗಿಯಿತು, ಇನ್ನೊಂದು ಕೂದಲೆಳೆಯಷ್ಟು ದಪ್ಪ, ಉಪ್ಪುಕಾಗದದಲ್ಲಿ ಎರಡು ಸಲ ಎಳೆದರೆ ಸಾಕು, ಸರಿ, ಈಗ ಶಿವಾ ಎಂದು ಎದೆ ಮುಟ್ಟಿಕೊಂಡು ಅಂಟಿಸುವುದು, ಎದೆ ಮುಟ್ಟಿಕೊಂಡು — ಎದೆಯ ಮೇಲೆ ಏನೂ ಇಲ್ಲ. ಅಂಗಿಯ ಗುಂಡಿ ಇದೆ, ಬೆವರಿದೆ, ಕರಡಿಗೆ ಇಲ್ಲ. ಎಂಟನೆಯ ವಯಸ್ಸಿನಿಂದ ನಲವತ್ತು ವರ್ಷ ಇದೇ ಎದೆಯ ಮೇಲಿದ್ದ ಲಿಂಗ, ಅದರ ಬೆಳ್ಳಿ ಕರಡಿಗೆ, ಶಿವದಾರ, ಏನೂ ಇಲ್ಲ, ಬೆನ್ನಿಗೆ ಜಾರಿದೆಯೇನೋ, ಇಲ್ಲ, ಸೊಂಟದ ಪಂಚೆಯಲ್ಲಿ, ಇಲ್ಲ, ಮೊಳೆಗೆ ನೇತುಹಾಕಿದೆನೇ, ಮೊಳೆಯಲ್ಲಿ ಗರಗಸ ನೇತಾಡುತ್ತಿದೆ. ಗಂಗಾಧರಯ್ಯ, ಹೆದರಬೇಡ, ನೆನಪು ಮಾಡಿಕೋ, ಬೆಳಗ್ಗೆ ಪೂಜೆ ಮಾಡಿದೆ, ಕಟ್ಟಿಕೊಂಡೆ, ಅಂಟಿನ ಡಬ್ಬಿ ಒಲೆಯ ಮೇಲಿಟ್ಟೆ — ಅಂಟು, ಹೌದು, ದನದ ಚರ್ಮ ಕುದಿಸಿ ತೆಗೆದ ಅಂಟು, ಹೋದ ವಾರ ಒಂದು ಹನಿ ಶಿವದಾರಕ್ಕೆ ಸಿಡಿದಿತ್ತು, ಅಮ್ಮ ಮೂಗು ಮುಚ್ಚಿಕೊಂಡು, ಲಿಂಗದ ಮೇಲೆ ಚರ್ಮದ ನೀರು ಹಾಕ್ಕೊಂಡು ಊಟಕ್ಕೆ ಕೂತಿದೀಯಲ್ಲೋ, ಚಿಕ್ಕಪೇಟೇಲಿ ಅಪ್ಪನ ಜವಳಿ ಅಂಗಡಿ ಬಿಟ್ಟು ಈ ಕೆಲಸ ಬೇಕಿತ್ತಾ ನಿನಗೆ. ಅದಕ್ಕೇ ಇವತ್ತು ತೆಗೆದೆ. ಒಂದೇ ಗಳಿಗೆ ಎಂದು ತೆಗೆದೆ. ನೆಲದ ಮೇಲೆ ಇಡಬಾರದು, ಕಾಲು ತಗಲುತ್ತದೆ, ಬೆಂಚಿನ ತುಂಬ ಅಂಟು, ಮರದ ಪುಡಿ, ಇಡೀ ಕೋಣೆಯಲ್ಲಿ ಚೊಕ್ಕಟವಾದ ಜಾಗ ಒಂದೇ — ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೆಲ್ಲಗೆ, ಹಡಗಿನ ಖಾಲಿ ಒಡಲಲ್ಲಿ ಇಟ್ಟೆ.

ಆಗಲೇ ರಾಮಸ್ವಾಮಿಯವರು ಬಂದದ್ದು, ಹಡಗು ಮಾಡಲು ಹೇಳಿದವರು, ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ನಾಳೆ ತಮ್ಮನ ತಿಥಿ ಗಂಗಾಧರಯ್ಯನವರೇ, ಇವತ್ತು ಮಧ್ಯಾಹ್ನಕ್ಕೇ ಕೊಟ್ಬಿಡ್ತೀರಲ್ವಾ, ಯುದ್ಧದಲ್ಲಿ ಹಡಗಿನ ಜೊತೇನೇ ಮುಳುಗಿದೋನು, ಹೆಣಾನೂ ಸಿಗಲಿಲ್ಲ, ಅವನಿನ್ನೂ ಅದರೊಳಗೇ ಇದಾನೆ ಅಂತಾರೆ ನಮ್ಮಮ್ಮ, ಇದನ್ನ ಫೋಟೋ ಮುಂದೆ ಇಟ್ಟರೆ ಅವರಿಗೊಂದು ಸಮಾಧಾನ, ಎನ್ನುವಾಗ ಕಣ್ಣಲ್ಲಿ ನೀರು, ನಾನು ಆ ಕಣ್ಣನ್ನೇ ನೋಡುತ್ತ, ಪಾಪ ಎನ್ನುತ್ತ, ಕೈ ತನ್ನ ಪಾಡಿಗೆ ತಾನು ಅಂಟು ಬಳಿಯಿತು, ಮೇಲ್ಹಲಗೆ ಕೂರಿಸಿತು, ದಾರ ಸುತ್ತಿ ಬಿಗಿಯಿತು. ಕೈಗೇನು ಗೊತ್ತು. ಆಮೇಲೆ ಕಾಫಿ ಬೇರೆ ಕುಡಿದೆ, ಬರಿಯ ಎದೆಯಲ್ಲಿ, ಲಿಂಗವಿಲ್ಲದ ಬಾಯಲ್ಲಿ, ಗುಟುಕು ಗುಟುಕಾಗಿ ರುಚಿ ನೋಡಿಕೊಂಡು. ಪ್ರಾಣ ಹೋದರೂ ಅಗಲಬೇಡ ಎಂದು ಕಿವಿಯಲ್ಲಿ ಹೇಳಿದ್ದರು ಗುರುಗಳು, ಆ ಉಸಿರಿನ ವಿಭೂತಿ ವಾಸನೆ ಈಗಲೂ ಬರುತ್ತಿದೆ. ಹೊಳೆಯಲ್ಲಿ ಲಿಂಗ ಕಳೆದುಕೊಂಡ ಮಲ್ಲಿಕಾರ್ಜುನಯ್ಯ ಮಾವ, ಮೂರು ದಿನ ಹನಿ ನೀರು ಮುಟ್ಟದೆ ದಡದಲ್ಲಿ ಕೂತವನು, ಮಠದವರು ಬೇರೆ ಲಿಂಗ ಕಟ್ಟಿದ ಮೇಲೂ ಸಾಯುವ ತನಕ ಯಾರ ಮುಖವನ್ನೂ ನೇರ ನೋಡಲಿಲ್ಲ. ಅದು ಹೊಳೆ, ಹರಿಯುವ ನೀರು, ಕೈ ಜಾರಿತು ಎನ್ನಬಹುದು. ನಾನು ನನ್ನ ಕೈಯಾರೆ ಮುಚ್ಚಿದವನು. ಒಳಗೆ ಕತ್ತಲು, ಒಂದು ಬಿಳಿ ಗಂಟು.

ತೆಗೆಯಬಹುದು, ಉಳಿ ಇದೆ, ಹಲಗೆಯ ಸಂದಿಗೆ ಇಟ್ಟು ಒಂದು ಏಟು — ತೆಳು ತೇಗ, ಉದ್ದಕ್ಕೂ ಸೀಳುತ್ತದೆ, ನಾಳೆಯ ತಿಥಿಗೆ ಏನು ಕೊಡಲಿ, ಸೌದೆಯನ್ನೇ. ಬಿಸಿನೀರು ಹೊಯ್ದರೆ ಅಂಟು ತಾನಾಗಿ ಬಿಡುತ್ತದೆ, ಬಿಡುತ್ತದೆ, ಕರಗಿ ಒಳಗೇ ಇಳಿಯುತ್ತದೆ, ಗಂಟಿನ ಮೇಲೆ ಹನಿ ಹನಿಯಾಗಿ ಚರ್ಮದ ನೀರು, ಅಯ್ಯೋ ಬೇಡ. ಯಾವುದರಿಂದ ಕಾಪಾಡಲು ತೆಗೆದೆನೋ ಅದರಿಂದಲೇ ಸುತ್ತ ಮೊಹರು ಹಾಕಿದೆ. ಗಂಗಾಧರಾ, ಎಲೆ ಹಾಕಿದೀನಿ, ಬಾರೋ. ಬಂದೆ ಅಮ್ಮ. ಹೋದರೆ ಮೊದಲು ನೋಡುವುದೇ ಎದೆ, ಚಿಕ್ಕಂದಿನಿಂದಲೂ, ಮುಖ ಆಮೇಲೆ. ಟವೆಲು ಹೊದ್ದುಕೊಳ್ಳಲೇ, ಈ ಸೆಕೆಯಲ್ಲಿ ಯಾಕೋ ಎನ್ನುತ್ತಾಳೆ. ಪಟ್ಟಿ ತಣ್ಣಗಾಗುತ್ತಿದೆ, ಬಾಗಿದ್ದು ಮತ್ತೆ ನೆಟ್ಟಗಾಗುತ್ತಿದೆ. ರಾಮಸ್ವಾಮಿಯವರಿಗೆ ಹೇಳಿಬಿಡಲೇ, ಸ್ವಾಮಿ, ತಪ್ಪಾಯಿತು, ಇನ್ನೆರಡು ದಿನ ಕೊಡಿ — ತಿಥಿ ಎರಡು ದಿನ ಕಾಯುತ್ತದೆಯೇ, ಆ ತಾಯಿ ಎಂಟು ವರ್ಷ ಕಾದಿದ್ದಾಳೆ. ಹೇಳದಿದ್ದರೆ ನನ್ನ ಪ್ರಾಣ ಯಾರದೋ ಮನೆಯ ಗೂಡಿನಲ್ಲಿ, ಸತ್ತವನ ಫೋಟೋದ ಮುಂದೆ. ಜಟಕಾ ನಿಂತ ಸದ್ದು. ರಾಮಸ್ವಾಮಿಯವರು, ಇಷ್ಟು ಬೇಗ. ಬನ್ನಿ ಬನ್ನಿ ಎಂದದ್ದು ನಾನೇ, ನನ್ನ ದನಿಯೇ, ಮೂತಿಯ ಪಟ್ಟಿ ಒಂದು ಬಾಕಿ, ನಾಳಿದ್ದು ಬಂದರೆ — ಪರವಾಗಿಲ್ಲ ಬಿಡಿ, ಅಷ್ಟು ಸಾಕು, ಮನೇಲಿ ನಮ್ಮಮ್ಮ ಬಾಗಿಲಲ್ಲೇ ಕೂತಿದಾರೆ, ಎನ್ನುತ್ತ ಆಗಲೇ ಎರಡೂ ಕೈಯಲ್ಲಿ ಎತ್ತಿದ್ದಾರೆ, ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಡಗು ಒಂದು ಕಡೆಗೆ ವಾಲಿತು, ಒಳಗೆ ಏನೋ ಜಾರಿ ಹಲಗೆಗೆ ಬಡಿಯಿತು, ದಡ್. ಅವರು ನಿಂತರು. ಮತ್ತೆ ವಾಲಿಸಿದರು, ದಡ್. ಇದಾನೆ, ಗಂಗಾಧರಯ್ಯನವರೇ, ಒಳಗಿದಾನೆ, ಎಂದು ಹಡಗನ್ನು ಎದೆಗೆ ಅವುಚಿಕೊಂಡರು, ಅವರ ಎದೆಗೆ, ನನ್ನ ಕೈಯಲ್ಲಿ ಉಳಿ, ಯಾವಾಗ ಎತ್ತಿಕೊಂಡೆನೋ, ಒಳಗಿನಿಂದ ಅಮ್ಮ ಬರುವ ಹೆಜ್ಜೆ, ಬಾಯಿ ಬಿಡು, ಹೇಳು, ಹೇಳು — ಕತ್ತಲು, ಬಿಳಿ ಗಂಟು, ಕತ್ತಲಲ್ಲಿ ಬಿಳಿ ಗಂಟು