ಕೋವಿ ಇಟ್ಟ ಜಾಗ

ಸಿದ್ದರಾಮು ಅಣ್ಣ ಕೆಂಪಸಿದ್ದಯ್ಯನ ಹೆಣದ ಸೊಂಟಕ್ಕೆ ಕೈ ಹಾಕಿ, ಉಡಿದಾರವನ್ನು ಕುಡುಗೋಲಿನಿಂದ ಕೊಯ್ದ. ದಾರಕ್ಕೆ ಕಟ್ಟಿದ್ದ ಬೀಗದ ಕೈ ಮೀಯಿಸಿದ ನೀರಿನ ಕೆಸರಿಗೆ ಬಿತ್ತು. ನೀರು ಹೊತ್ತು ತಂದಿದ್ದ ಸೊಸೆ ಮಂಜುಶ್ರೀ ಬಿಂದಿಗೆಯನ್ನು ಅಲ್ಲೇ ಕುಕ್ಕಿ, ಬಾಗಿ ಅದನ್ನು ಎತ್ತಿಕೊಂಡಳು.

"ಇನ್ನೂ ಎಣ ಎತ್ತಿಲ್ಲ, ಆಗ್ಲೇ ಬೀರು ಕೀಗೆ ಕೈ ಆಕುದ್ಲು ನೋಡು," ಎಂದಳು ನಿಡಘಟ್ಟದಿಂದ ಬಂದಿದ್ದ ನೆಂಟಳೊಬ್ಬಳು, ಕೇಳಿಸಲಿ ಎಂದೇ.

ಅನ್ನಲಿ. ಆ ಬೀರುವಿನಲ್ಲಿ ಚಿನ್ನವೇನೂ ಇರಲಿಲ್ಲ. ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳಿಗೆಂದು ಲೈಸೆನ್ಸ್ ಮಾಡಿಸಿ ಮಾವ ಕೆಂಪಸಿದ್ದಯ್ಯ ಇಟ್ಟುಕೊಂಡಿದ್ದ ಒಂಟಿ ನಳಿಗೆಯ ಕೋವಿ ಇತ್ತು. ಮನೆ ತುಂಬ ನೆಂಟರು, ನೆಂಟರಿಗಿಂತ ಹೆಚ್ಚು ಮಕ್ಕಳು. ಸಾವಿನ ಮನೆಯಲ್ಲಿ ಯಾವ ಬಾಗಿಲನ್ನೂ ಮುಚ್ಚುವಂತಿಲ್ಲ. ಬೆಳಗಿನಿಂದ ಅವಳ ಜೀವ ಆ ಕೀಯ ಮೇಲೇ ಇತ್ತು.

ಒಳಗೆ ಹೋಗಿ ಬೀರು ತೆಗೆದಳು. ಕೋವಿ ಇರಲಿಲ್ಲ.

ಪಂಚೆಗಳನ್ನು ಎಳೆದು ಹಾಕಿದಳು, ಕಂಬಳಿ ಒದರಿದಳು. ಇಲ್ಲವೆಂದರೆ ಇಲ್ಲ. ಹಜಾರದಲ್ಲಿ ಯಾವುದೋ ಮಗು ಕಿರುಚಿದ್ದಕ್ಕೆ ಅವಳೂ ಕಿರುಚಿದಳು. ಹೊರಗಿನವರು ಅದನ್ನು ಅಳು ಎಂದುಕೊಂಡರು.

*

ಮದುವೆಯಾಗಿ ಕೊಪ್ಪಕ್ಕೆ ಬಂದ ಹೊಸದರಲ್ಲಿ ಮಾವ ಅವಳಿಗೆ ಒಪ್ಪಿಸಿದ್ದು ಅಡುಗೆಮನೆಯನ್ನಲ್ಲ, ತೋಟಾ ತುಂಬಿದ ತಗಡಿನ ಪೆಟ್ಟಿಗೆಯನ್ನು.

"ಕೋವಿ ಒಂದು ಬೀಗದಾಗೆ, ತೋಟಾ ಇನ್ನೊಂದು ಬೀಗದಾಗೆ ಇರ್ಬೇಕು ಅಂತ ಸ್ಟೇಸನ್‌ನವರು ಯೋಳವ್ರೆ. ಅದ್ರ ಕೀ ನಂತಾವ ಇರ್ತದೆ, ಇದ್ರದ್ದು ನಿನ್ತಾವ ಇರ್ಲಿ. ನಾನೇ ಕೇಳುದ್ರೂ ಯಾಕೆ ಅಂತ ಕೇಳ್ಬುಟ್ಟು ಕೊಡು ಕಣವ್ವ."

ಊರಿಗೆಲ್ಲ ಗತ್ತಿನ ಕೋವಿ ಕೆಂಪಸಿದ್ದಯ್ಯ; ಮನೆಯಲ್ಲಿ ಕೋವಿಯನ್ನು ಕಂಡರೆ ಹೆದರಿ ಸಾಯುವ ಪ್ರಾಣಿ. ಎಲೆಕ್ಷನ್ ಬಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಉಳಿದವರು ಗೊಣಗುತ್ತಿದ್ದರು, ಇವನು ಮಾತ್ರ ಗೋಣಿಚೀಲದಲ್ಲಿ ಸುತ್ತಿಕೊಂಡು ಮೊದಲ ಬಸ್ಸಿಗೇ ಹೋಗಿ ಕೊಟ್ಟು ಬಂದು, ಎಲೆಕ್ಷನ್ ಮುಗಿಯುವವರೆಗೂ ಗೊರಕೆ ಹೊಡೆಯುತ್ತಿದ್ದ.

ಕಾಯಿಲೆ ಬಿದ್ದ ಮೇಲೆ ಮೈ ಇಳಿಯಿತು. ಒಂದು ಮಧ್ಯಾಹ್ನ ಉಡಿದಾರ ಸಡಿಲವಾಗಿ, ಕೀ ಸಮೇತ ಜಾರಿ ಹಜಾರದಲ್ಲಿ ಬಿತ್ತು. ಮೊಮ್ಮಗಳು ಶೋಭಿತಾ ಅದನ್ನು ಬೆರಳಿಗೆ ಸುತ್ತಿಕೊಂಡು ಬಂದು, "ತಾತ, ನಿನ್ ಕೀ," ಎಂದಳು. ಮುದುಕ ಅವತ್ತು ಊಟ ಮಾಡಲಿಲ್ಲ.

*

ತಮಟೆಯ ಸದ್ದು ಬೀದಿಯ ಕೊನೆ ದಾಟಿತ್ತು. ಗಂಡಸರು, ಮಕ್ಕಳು ಹೆಣದ ಜೊತೆ ಗದ್ದೆಗೆ ಹೋಗಿದ್ದರು. ಹೆಂಗಸರು ಮನೆ ತೊಳೆಯುತ್ತಿದ್ದರು. ಮಂಜುಶ್ರೀ ಅಟ್ಟ ನೋಡಿದಳು, ಕೊಟ್ಟಿಗೆ ನೋಡಿದಳು, ಒಲೆಯ ಹಿಂದೆ ಕೈ ಆಡಿಸಿದಳು. ಕೊನೆಗೆ ತನ್ನ ತಗಡಿನ ಪೆಟ್ಟಿಗೆ ತೆಗೆದಳು. ಒಂದು ತೋಟಾ ಕಮ್ಮಿ ಇತ್ತು. ಹೌದು, ದೀಪಾವಳಿ ಕಳೆದ ಮೇಲೆ ಹಂದಿಗೆಂದು ಮಾವ ಒಂದನ್ನು ಇಸಿದುಕೊಂಡು ಹೋಗಿದ್ದ. ವಾಪಸ್ಸು ಕೇಳಿದರೆ "ಒಡ್ದೆ ಕಣವ್ವ," ಎಂದು ಮುಖ ತಿರುಗಿಸಿದ್ದ. ಗುಂಡಿನ ಸದ್ದು ಮಾತ್ರ ಊರಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ.

"ಅತ್ತೆ," ಎಂದು ಮಲ್ಲಿಗಮ್ಮನ ಮುಂದೆ ಕುಸಿದು ಕೂತಳು. "ಮಾವ ಕೋವೀನ ಎಲ್ ಮಡಗವ್ರೆ?"

"ನಂಗೇನವ್ವ ಗೊತ್ತು? ಅದ್ನ ನಂಗೆ ಯಾವತ್ತು ಮುಟ್ಟುಸ್ದ? ಈ ನಡ್ವೆ ಆಸ್ಗೇನೂ ಮುಟ್ಟುಸ್ನಿಲ್ಲ. ಬಿಸ್ಲಿಗಾಕ್ತೀನಿ ಅಂದ್ರೆ ಬಯ್ಯೋನು. ಅರ್ದೋಗದೆ ಅಂತ ದಬ್ಬಳ ಇಸ್ಕಂಡು ತಾನೇ ವೊಲ್ಕತಾ ಕೂತಿದ್ನಲ್ಲ."

"ಆ ಆಸ್ಗೆ ಎಲ್ಲಿ ಅತ್ತೆ?"

"ಎಲ್ಲಿರ್ತದೆ? ಸತ್ತೋರ ಆಸ್ಗೆ ಸುಡ್ದೆ ಮನೇಲಿ ಮಡಿಕತಾರಾ? ಟ್ರ್ಯಾಕ್ಟರ್‌ಗೆ ಆಕ್ಕಂಡು ಓದ್ರು. ಮಡಚಕ್ಕೇ ಬರ್ನಿಲ್ಲ ಅಂತಿದ್ದ ಸಿದ್ದರಾಮು."

ಮಂಜುಶ್ರೀ ಓಡಿದಳು. ಶೋಭಿತಾ ಆ ಟ್ರ್ಯಾಕ್ಟರಿನಲ್ಲೇ ಹೋಗಿದ್ದಳು.

ಒದ್ದೆ ಸೀರೆ ಕಾಲಿಗೆ ತೊಡರಿ ನಾಲೆಯ ಏರಿಯ ಮೇಲೆ ಬಿದ್ದಳು, ಎದ್ದಳು. ದೂರದಲ್ಲಿ ಗುಂಡಿಗೆ ಮಣ್ಣು ಎಳೆಯುತ್ತಿದ್ದರು. ಅದರ ಈಚೆಗೆ ಹಾಸಿಗೆ ಬಿದ್ದಿತ್ತು. ಗಂಡ ಯತೀಶ ಅದರ ಒಂದು ಮೂಲೆಗೆ ಕಡ್ಡಿ ಗೀರಿ ಬಗ್ಗಿದ್ದ. ಹೊಗೆ ಎದ್ದಿತು. ಮಕ್ಕಳು ಸುತ್ತ ನಿಂತಿದ್ದರು, ಶೋಭಿತಾ ಎಲ್ಲರಿಗಿಂತ ಮುಂದೆ.

"ಎಂಗುಸ್ರು ಇಲ್ಲಿಗೆ ಬರಂಗಿಲ್ಲ ಕಣಮ್ಮ!" ಎಂದು ಯಾರೋ ಅಡ್ಡ ಬಂದರು. ಅವರನ್ನು ತಳ್ಳಿ ಮಗಳ ರಟ್ಟೆ ಹಿಡಿದು ಹಿಂದಕ್ಕೆ ಎಸೆದಳು.

"ಸರೀರಿ! ಎಲ್ಲಾ ದೂರ ಸರೀರಿ! ಅದ್ರಾಗೆ ಕೋವಿ ಅದೆ! ತೋಟಾ ತುಂಬದೆ!"

ಯತೀಶನ ಕೈಯಿಂದ ಬೆಂಕಿಪೊಟ್ಟಣ ಬಿತ್ತು. ಸಿದ್ದರಾಮು ಬರಿಗಾಲಿನಲ್ಲೇ ಕಿಡಿಯನ್ನು ಹೊಸಕಿ, ಬಕೆಟ್ಟು ನೀರು ಸುರಿದ. ಮಕ್ಕಳನ್ನು ಏರಿಯ ಆಚೆಗೆ ಅಟ್ಟಿದರು. ಆಮೇಲೆ ಅವನು ಪಕ್ಕದಲ್ಲಿ ಮಂಡಿಯೂರಿ ಹೊಲಿಗೆಯನ್ನು ಕುಡುಗೋಲಿನಿಂದ ಮೆಲ್ಲಗೆ ಸೀಳಿದ. ಹತ್ತಿಯ ನಡುವೆ ಕೋವಿ ಉದ್ದಕ್ಕೆ ಮಲಗಿತ್ತು. ಎತ್ತದೆ, ಇದ್ದಲ್ಲೇ ಅದರ ಕೀಲು ಬಾಗಿಸಿ, ನಳಿಗೆಯ ಹಿಂಬದಿ ತೆರೆದು ಒಳಗೆ ನೋಡಿದ.

"ತೋಟಾ ಸಿಗಾಕ್ಕಂಡದೆ ಕಣವ್ವ. ತ್ಯಾವಕ್ಕೆ ಊದ್ಕಂಡದೆ. ತೆಗ್ಯಕ್ಕೆ ಓಗಿ ಸುತ್ತಲೂ ಕೆರ್ದವ್ನೆ ಪುಣ್ಯಾತ್ಮ, ಬಂದಿಲ್ಲ. ಒಂದು ಮಾತು ಯೋಳ್ಬಾರ್ದಾಗಿತ್ತಾ ನಮ್ಗೆ?"

ಹೇಳಿದ್ದರೆ ಲೈಸೆನ್ಸ್ ಹೋಗುತ್ತಿತ್ತು, ಊರು ನಗುತ್ತಿತ್ತು. ಮಂಜುಶ್ರೀಗೆ ಸಿಟ್ಟು ಬಂತು, ಸತ್ತವನ ಮೇಲೆ ಬರಬಾರದಷ್ಟು ಸಿಟ್ಟು. ಮಂಚದಲ್ಲಿ ಮುದುಕ ಕಾಲು ಚಾಚುವ ಕಡೆಗೆ ಒಂದು ಹಲಗೆಯ ಗೋಡೆ, ಅದರ ಆಚೆಗೇ ಮಕ್ಕಳು ಮಲಗುವುದು.

"ಚಿಕ್ ಮಾವ, ನಳಿಗೆ ಯಾವ ಕಡೀಕದೆ?" ಎಂದು ಕೇಳಿದಳು.

ಸಿದ್ದರಾಮು ಸೀಳಿದ ಬಟ್ಟೆಯನ್ನು ಮತ್ತೆ ಕೋವಿಯ ಮೇಲೆ ಎಳೆದು ಅಂಗೈಯಿಂದ ಸವರಿದ. ಮುದುಕ ದಿನವೂ ತಲೆಗೆ ಹಚ್ಚಿಕೊಳ್ಳುತ್ತಿದ್ದ ಹರಳೆಣ್ಣೆ ಇಳಿದಿಳಿದು ಬಟ್ಟೆಯ ಮೇಲೆ ಅವನ ತಲೆಯಷ್ಟೇ ಅಗಲದ ಕಪ್ಪು ಕಲೆ ಮೂಡಿತ್ತು. ನಳಿಗೆಯ ಬಾಯಿ ಆ ಕಲೆಯ ಅಡಿಯಲ್ಲಿ ಉಬ್ಬಿಕೊಂಡಿತ್ತು.